ಕಡಲುಬ್ಬರದ ಎಚ್ಚರಿಕೆ ಘಟ್ಟದ ಮನೆಗೂ ಅನ್ವಯ: ಗಾಳಿ, ನೀರು, ಮಣ್ಣು ಮೂರಕ್ಕೂ ಬೇಕು ಬೇರೆ ಬೇರೆ ಸಿದ್ಧತೆ

ಶಿರಸಿ: ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿದೆ ಎಂಬ ಸುದ್ದಿ ಬಿತ್ತರಗೊಂಡಾಗಲೆಲ್ಲ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಕಾಣಬರುವುದು ಒಂದು ಬಗೆಯ ನಿರಾಳ ಭಾವ. ಅದು ಕಡಲ ದಂಡೆಯವರ ಪಾಡು, ಇಲ್ಲಿಗೇನು ಬಂತು ಎಂಬ ಧೋರಣೆ ಮನೆಮನೆಯಲ್ಲೂ ಬೇರೂರಿದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಶಿರಸಿಗೆ ಕಡಲ ಅಲೆ ಏರಿ ಬರಲಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಭಾರತೀಯ ಹವಾಮಾನ ಇಲಾಖೆಯ ಲೆಕ್ಕಾಚಾರದಲ್ಲಿ ಇಡೀ ಉತ್ತರ ಕನ್ನಡ ಜಿಲ್ಲೆ 'ಕರಾವಳಿ ಕರ್ನಾಟಕ' ಉಪವಿಭಾಗಕ್ಕೇ ಸೇರಿದೆ. ಕಾರವಾರಕ್ಕೆ ಹೊರಡಿಸಿದ ಎಚ್ಚರಿಕೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೂ ಹೊರಡಿಸಿದ್ದೇ ಆಗಿರುತ್ತದೆ.

ಪ್ರಶ್ನೆ ಇರುವುದು ಇಲ್ಲಿಯೇ. ಒಂದೇ ಎಚ್ಚರಿಕೆಯನ್ನು ಕುಮಟಾದ ಅಳಿವೆಯಂಚಿನ ಮನೆ ಒಂದು ಬಗೆಯಲ್ಲಿ ಅರ್ಥ ಮಾಡಿಕೊಳ್ಳಬೇಕು, ಕಳಚೆಯ ಇಳಿಜಾರಿನ ಮನೆ ಇನ್ನೊಂದು ಬಗೆಯಲ್ಲಿ. ಈ ವ್ಯತ್ಯಾಸವನ್ನು ಅರಿಯದೆ ಮಾಡಿಕೊಳ್ಳುವ ಸಿದ್ಧತೆ ಮನೆಮಂದಿಗೆ ರಕ್ಷಣೆಯ ಭ್ರಮೆಯನ್ನು ಕೊಟ್ಟೀತೇ ಹೊರತು ರಕ್ಷಣೆಯನ್ನಲ್ಲ. ಕಳೆದ ಕೆಲವು ವರ್ಷಗಳಲ್ಲಿ ಜಿಲ್ಲೆ ಕಂಡ ದುರಂತಗಳು ಈ ಮಾತನ್ನು ಸ್ಪಷ್ಟಪಡಿಸಿವೆ.

ಕಡಲುಬ್ಬರ ಎಂದರೇನು?

ಚಂಡಮಾರುತದಲ್ಲಿ ಹೆಚ್ಚು ಜೀವಹಾನಿಗೆ ಕಾರಣವಾಗುತ್ತ ಬಂದಿರುವುದು ಗಾಳಿಗಿಂತ ನೀರು. ಬಿರುಗಾಳಿ ಸಮುದ್ರದ ನೀರನ್ನು ದಂಡೆಯತ್ತ ಒತ್ತರಿಸುತ್ತದೆ. ದಂಡೆಯ ಬಳಿ ಸಮುದ್ರ ಆಳವಿಲ್ಲದಿದ್ದರೆ ಹಾಗೆ ಬಂದ ನೀರಿಗೆ ಹಿಂದಿರುಗುವ ದಾರಿ ಇರುವುದಿಲ್ಲ. ಅದು ಮೇಲಕ್ಕೇಳುತ್ತದೆ. ಚಂಡಮಾರುತದ ಕೇಂದ್ರದಲ್ಲಿ ವಾಯುಭಾರ ಕಡಿಮೆಯಿರುವುದರಿಂದಲೂ ನೀರಿನ ಮಟ್ಟ ಏರುತ್ತದೆ. ಒಂದು ಮಿಲಿಬಾರ್ ಕುಸಿತಕ್ಕೆ ಸುಮಾರು ಒಂದು ಸೆಂಟಿಮೀಟರ್ ಏರಿಕೆ ಎಂಬುದು ಸ್ಥೂಲ ಲೆಕ್ಕ. ಇವೆರಡೂ ಸೇರಿ ಉಂಟಾಗುವ ಏರಿಕೆಯೇ ಕಡಲುಬ್ಬರ. ಇದು ದಿನನಿತ್ಯದ ಭರತದ ಸಮಯಕ್ಕೆ ಸರಿಯಾಗಿ ಬಂದರೆ ಹಾನಿ ದ್ವಿಗುಣಗೊಳ್ಳುತ್ತದೆ.

1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ನುಗ್ಗಿದ ಉಬ್ಬರ ಸುಮಾರು 5 ಮೀಟರ್ ಎತ್ತರದ್ದಾಗಿತ್ತು. ಸುಮಾರು 10 ಸಾವಿರ ಮಂದಿ ಅಸುನೀಗಿದರು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿಯೂ ಸತ್ತವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಆದರೆ 2013ರ ಅಕ್ಟೋಬರ್ 12ರಂದು ಅದೇ ಒಡಿಶಾ ಕರಾವಳಿಗೆ ಫೈಲಿನ್ ಚಂಡಮಾರುತ ಬಂದಪ್ಪಳಿಸಿದಾಗ ಮೃತರ ಸಂಖ್ಯೆ ಐವತ್ತರೊಳಗೆ ಉಳಿಯಿತು. ಗಾಳಿಯೇನೂ ಸೌಮ್ಯವಾಗಿರಲಿಲ್ಲ. ಸುಮಾರು 10 ಲಕ್ಷ ಜನ ಉಬ್ಬರ ಬರುವ ಮುನ್ನವೇ ಮನೆ ತೊರೆದು ಆಶ್ರಯ ತಾಣಗಳನ್ನು ಸೇರಿದ್ದರು ಎಂಬುದೇ ವ್ಯತ್ಯಾಸ. ಎಚ್ಚರಿಕೆ ಕೇಳಿದ ಮನೆ ಏನು ಮಾಡುತ್ತದೆ ಎಂಬುದರ ಮೇಲೆ ಬದುಕು–ಸಾವು ನಿರ್ಧಾರವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಪಶ್ಚಿಮದ ಕಡಲೂ ಬದಲಾಗಿದೆ

ಕರ್ನಾಟಕದ ಕರಾವಳಿ ಈವರೆಗೆ ಇಂತಹ ಭೀಕರ ಉಬ್ಬರದಿಂದ ಪಾರಾಗಿದೆ. ಅರಬ್ಬೀ ಸಮುದ್ರದ ಚಂಡಮಾರುತಗಳು ಬಹುಮಟ್ಟಿಗೆ ದಂಡೆಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗುತ್ತವೆ, ಇಲ್ಲವೇ ಒಮಾನ್, ಯೆಮನ್‌ಗಳತ್ತ ತಿರುಗುತ್ತವೆ. 2009ರ ನವೆಂಬರ್‌ನಲ್ಲಿ 'ಫಯಾನ್', 2020ರ ಜೂನ್‌ನಲ್ಲಿ 'ನಿಸರ್ಗ' ಮಹಾರಾಷ್ಟ್ರದಲ್ಲಿ ನೆಲ ಮುಟ್ಟಿದವು. 2019ರ ಅಕ್ಟೋಬರ್‌ನ 'ಕ್ಯಾರ್' ಮಹಾ ಚಂಡಮಾರುತದ ಸ್ವರೂಪ ಪಡೆದರೂ ಸಮುದ್ರದಲ್ಲಿಯೇ ಕ್ಷೀಣಿಸಿತು. 2021ರ ಮೇ 14ರಂದು ಲಕ್ಷದ್ವೀಪದ ಬಳಿ ರೂಪುಗೊಂಡ 'ತೌಕ್ತೆ' ಮರುದಿನಗಳಲ್ಲಿ ರಾಜ್ಯದ ಕರಾವಳಿಯನ್ನು ಸವರಿಕೊಂಡು ಹೋಗಿ 17ರ ರಾತ್ರಿ ಗುಜರಾತಿನಲ್ಲಿ ನೆಲ ಸೇರಿತು. ಸವರಿಕೊಂಡು ಹೋದದ್ದಕ್ಕೇ ದಂಡೆಯ ಮನೆಗಳು, ದೋಣಿಗಳು, ರಸ್ತೆಗಳು, ವಿದ್ಯುತ್ ಕಂಬಗಳು ಹಾನಿಗೀಡಾದವು.

ಈ ಅದೃಷ್ಟ ಸದಾಕಾಲ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2001ರಿಂದ 2019ರವರೆಗಿನ ಅವಧಿಯಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಅದಕ್ಕೆ ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ ಶೇ 52ರಷ್ಟು ಹೆಚ್ಚಿದೆ. ಅದೇ ಅವಧಿಯಲ್ಲಿ ಬಂಗಾಳ ಕೊಲ್ಲಿಯಲ್ಲಿ ಅವು ಶೇ 8ರಷ್ಟು ಇಳಿದಿವೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಜೀವಂತವಾಗಿರುವ ಅವಧಿಯೂ ಶೇ 80ರಷ್ಟು ಹೆಚ್ಚಿದೆ. ಸಮುದ್ರದ ಮೇಲ್ಮೈ ಬಿಸಿಯಾಗುತ್ತಿರುವುದೇ ಇದಕ್ಕೆ ಮುಖ್ಯ ಕಾರಣ.

ಈ ಚಂಡಮಾರುತಗಳ ಕಾಲ ಎರಡು. ಮುಂಗಾರಿಗೆ ಮೊದಲಿನ ಮೇ–ಜೂನ್ ಹಾಗೂ ಹಿಂಗಾರಿನ ಅಕ್ಟೋಬರ್‌ನಿಂದ ಡಿಸೆಂಬರ್. ಮೊದಲನೆಯದು ಬರುವಾಗ ಘಟ್ಟದ ಮನೆಗಳ ಮಳೆಗಾಲದ ಸಿದ್ಧತೆ ಅರ್ಧಕ್ಕೆ ನಿಂತಿರುತ್ತದೆ. ಹೆಂಚು ಕೈಯಾಡಿಸಿರುವುದಿಲ್ಲ, ಕಟ್ಟಿಗೆ ಕೊಟ್ಟಿಗೆ ಸೇರಿರುವುದಿಲ್ಲ. ಎರಡನೆಯದು ಬರುವಾಗ ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬಂದಿರುತ್ತದೆ, ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಹೊತ್ತಾಗಿರುತ್ತದೆ. ಅಂದರೆ ಮನೆ ಅತ್ಯಂತ ಅಸಿದ್ಧವಾಗಿರುವ ಇಲ್ಲವೇ ಬೆಳೆ ಅತ್ಯಂತ ಬೆಲೆಯುಳ್ಳದ್ದಾಗಿರುವ ಸಮಯದಲ್ಲಿಯೇ ಈ ಅತಿಥಿಯ ಆಗಮನ.

ನದಿಯೇ ಕೊಂಡಿ

ಘಟ್ಟಕ್ಕೂ ಕಡಲಿಗೂ ನಡುವಣ ಕೊಂಡಿ ನದಿಗಳು. ಶಿರಸಿಯ ಶಂಕರಹೊಂಡ ಹಾಗೂ ಮಂಜುಗುಣಿ ಭಾಗದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ಅಘನಾಶಿನಿ–ತದಡಿ ನಡುವೆ ಕಡಲು ಸೇರುತ್ತದೆ. ಈ ನದಿಗೆ ಅಣೆಕಟ್ಟೆಯಿಲ್ಲ. ಘಟ್ಟದ ಮೇಲೆ ಸುರಿದ ಮಳೆ ತಡೆಯಿಲ್ಲದೆ ಕೆಳಗಿಳಿಯುತ್ತದೆ. ಇಳಿದ ನೀರು ಅಳಿವೆಯ ಬಳಿ ಬಂದಾಗ ಸಮುದ್ರ ಭರತದಲ್ಲಿದ್ದರೆ, ಅದರ ಮೇಲೆ ಚಂಡಮಾರುತದ ಉಬ್ಬರವೂ ಸೇರಿದ್ದರೆ, ನದಿಗೆ ಮುಂದೆ ಹೋಗಲು ಜಾಗವಿಲ್ಲ. ಅದು ಅಲ್ಲಿಯೇ ನಿಂತು ಅಕ್ಕಪಕ್ಕಕ್ಕೆ ಹರಡುತ್ತದೆ. ಕೆಳಗಿನಿಂದ ಉಪ್ಪುನೀರು, ಮೇಲಿನಿಂದ ಸಿಹಿನೀರು ಎರಡೂ ಒತ್ತಿದಾಗ ಮುಳುಗುವುದು ನಡುವಿನ ಗಜನಿ ಭೂಮಿ ಮತ್ತು ಅದರಂಚಿನ ಮನೆಗಳು.

ಅಲ್ಲಿನ ಹಿರಿಯರು ಇದನ್ನು ಅರಿತೇ ಗಜನಿಗೆ ಒಡ್ಡು ಕಟ್ಟಿದ್ದರು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆದರು. ಮಾಣಿಕಟ್ಟದಂತಹ ಊರುಗಳಲ್ಲಿ ಕಗ್ಗದ ಸಾಮೂಹಿಕ ಕೃಷಿ ನಡೆದುಬಂದಿದೆ. ಉಪ್ಪುನೀರು ನುಗ್ಗುತ್ತದೆ ಎಂಬುದನ್ನು ಒಪ್ಪಿಕೊಂಡು ಅದಕ್ಕೆ ತಕ್ಕ ಬೆಳೆ, ತಕ್ಕ ಒಡ್ಡು ರೂಪಿಸಿಕೊಂಡ ವಿವೇಕ ಅದು.

ಘಟ್ಟದ ಮೇಲಿನವರ ಬೀಗರು, ಬಂಧುಗಳು, ವ್ಯವಹಾರಸ್ಥರು ಕುಮಟಾ, ಹೊನ್ನಾವರ, ಅಂಕೋಲಾಗಳಲ್ಲಿ ಇದ್ದೇ ಇರುತ್ತಾರೆ. ಸಿದ್ದಾಪುರದಲ್ಲಿ ಹಗಲಿಡೀ ಧಾರಾಕಾರ ಮಳೆ ಸುರಿದರೆ, ಆ ನೀರು ಕೆಳಗಿನ ಮನೆಗಳನ್ನು ತಲುಪುವ ಮೊದಲೇ ಸುದ್ದಿ ತಲುಪಬೇಕು. ಒಂದು ದೂರವಾಣಿ ಕರೆ ಇಲ್ಲಿ ಸರ್ಕಾರಿ ಎಚ್ಚರಿಕೆಗೆ ಪೂರಕವಾಗಬಲ್ಲದು. ಹಾಗೆಯೇ ಉಬ್ಬರದ ಎಚ್ಚರಿಕೆ ಇರುವಾಗ ಕೆಳಗಿನ ವೃದ್ಧರು, ಬಾಣಂತಿಯರು, ಮಕ್ಕಳಿಗೆ ಘಟ್ಟದ ಮೇಲಿನ ಬಂಧುಗಳ ಮನೆಯೇ ಅತ್ಯುತ್ತಮ ಆಶ್ರಯ ತಾಣ. ಆದರೆ ಅವರು ಮೇಲೆ ಬರಬೇಕಾದದ್ದು ಮಳೆ ಆರಂಭವಾಗುವ ಮುನ್ನ. ಏಕೆಂದರೆ ದೇವಿಮನೆ, ಅರಬೈಲ್ ಘಟ್ಟಗಳ ರಸ್ತೆಗಳೇ ಮೊದಲು ಮುಚ್ಚುತ್ತವೆ.

ಘಟ್ಟ ಕಂಡ ಪ್ರಳಯ

2021ರ ಜುಲೈ 22 ಮತ್ತು 23ರ ಮಳೆ ಚಂಡಮಾರುತದ್ದಲ್ಲ, ಮುಂಗಾರಿನದು. ಆದರೂ ಅದು ಘಟ್ಟದ ಮನೆಗಳಿಗೆ ಕಲಿಸಿದ ಪಾಠ ಯಾವ ಚಂಡಮಾರುತಕ್ಕೂ ಕಡಿಮೆಯದಲ್ಲ. ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಜರಿದು ಅಡಿಕೆ ತೋಟ, ಮನೆ, ರಸ್ತೆಗಳು ಮಣ್ಣುಪಾಲಾದವು. ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿದು ಹುಬ್ಬಳ್ಳಿ–ಅಂಕೋಲಾ ಸಂಚಾರ ಸ್ಥಗಿತಗೊಂಡಿತು. ಗಂಗಾವಳಿಯ ಪ್ರವಾಹಕ್ಕೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ ಆಚೆ ದಡದ ಹಳ್ಳಿಗಳು ಸಂಪರ್ಕ ಕಳೆದುಕೊಂಡವು. ಶಿರಸಿ ತಾಲ್ಲೂಕಿನ ಮತ್ತಿಘಟ್ಟ ಭಾಗದಲ್ಲಿಯೂ ಭೂಮಿ ಕುಸಿಯಿತು. ಆಗಷ್ಟೇ ಅಧಿಕಾರ ಸ್ವೀಕರಿಸಿದ್ದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮರುದಿನವೇ, ಅಂದರೆ ಜುಲೈ 29ರಂದು, ಯಲ್ಲಾಪುರದ ಹಾನಿಗೀಡಾದ ಪ್ರದೇಶಗಳಿಗೆ ಭೇಟಿ ನೀಡಿದ್ದರು.

ಇನ್ನು 2024ರ ಜುಲೈ 16ರ ಶಿರೂರು ದುರಂತ. ಅಂಕೋಲಾ ತಾಲ್ಲೂಕಿನ ಈ ಸ್ಥಳದಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಗೆ ಬಿದ್ದಿತು. ಒಮ್ಮೆಲೇ ಬಿದ್ದ ಆ ಮಣ್ಣಿನ ರಾಶಿ ನದಿಯ ನೀರನ್ನು ಎತ್ತಿ ಆಚೆ ದಡದ ಉಳುವರೆ ಗ್ರಾಮದ ಮನೆಗಳ ಮೇಲೆ ಅಪ್ಪಳಿಸಿತು. ಈಚೆ ದಡದಲ್ಲಿ ಇದ್ದವರು ಮಣ್ಣಿನಡಿ ಸಿಲುಕಿದರೆ, ಆಚೆ ದಡದಲ್ಲಿ ಇದ್ದವರು ನೀರಿನ ಗೋಡೆಗೆ ಸಿಲುಕಿದರು. ಒಟ್ಟು 11 ಜೀವಗಳನ್ನು ಜಿಲ್ಲೆ ಕಳೆದುಕೊಂಡಿತು. ನದಿಯಲ್ಲಿ ಹುದುಗಿದ್ದ ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಕಡಲುಬ್ಬರಕ್ಕೆ ಅತ್ಯಂತ ಸಮೀಪದ ಅನುಭವವನ್ನು ಜಿಲ್ಲೆ ಕಂಡದ್ದು ಹೀಗೆ, ಕಡಲಿನಿಂದಲ್ಲ, ಗುಡ್ಡದಿಂದ.

ಒಂದೇ ಮನೆ, ಮೂರು ಅಪಾಯ

ಈ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಗಾಳಿ, ನೀರು, ಮಣ್ಣು ಈ ಮೂರೂ ಒಂದೇ ಮಳೆಯಲ್ಲಿ ಬರುತ್ತವೆ. ಆದರೆ ಮನೆಯವರಿಂದ ಅವು ಬಯಸುವುದು ಪರಸ್ಪರ ವಿರುದ್ಧವಾದ ನಡವಳಿಕೆಯನ್ನು. ಗಾಳಿಗೆ ಮನೆಯೊಳಗೆ ಇರುವುದೇ ಕ್ಷೇಮ. ನೀರಿಗೆ ಮನೆ ಬಿಟ್ಟು ಎತ್ತರಕ್ಕೆ ಹೋಗುವುದು ಕ್ಷೇಮ. ಜರಿಯುವ ಗುಡ್ಡಕ್ಕೆ ಎತ್ತರಕ್ಕೆ ಹೋಗುವುದೇ ಅಪಾಯ. ಅಲ್ಲಿ ಇಳಿಜಾರಿನ ದಾರಿಯಿಂದ ಪಕ್ಕಕ್ಕೆ, ಅದೂ ಮಳೆ ಬಲಿಯುವ ಮುನ್ನವೇ ಸರಿಯಬೇಕು.

ಆದ್ದರಿಂದ ಯಾವ ಮನೆಯೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಏನು ಕೊಂಡಿಡಬೇಕು' ಎಂಬುದಲ್ಲ, 'ನಮ್ಮ ಮನೆಗೆ ಯಾವುದರ ಭಯ' ಎಂಬುದು. ಬನವಾಸಿ ಸುತ್ತಿನ ವರದಾ ತೀರದ ಮನೆಗೆ ಭಯ ಮೆಲ್ಲನೆ ಏರುವ ನೀರಿನದು. ಅಲ್ಲಿ ಸಮಯ ಸಿಗುತ್ತದೆ. ಶಿರಸಿ ಪೇಟೆಯ ಮನೆಗೆ ಭಯ ಹಾರುವ ತಗಡಿನದು, ಬೀಳುವ ಮರದ್ದು, ತುಂಡಾದ ತಂತಿಯದು. ಗುಡ್ಡ ಕಡಿದು ಮಾಡಿದ ಅಂಗಳದ ಮನೆಗೆ ಭಯ ಹಿತ್ತಿಲ ಧರೆಯದು. ಕಾಳಿಯ ಕದ್ರಾ ಅಣೆಕಟ್ಟೆಯ ಕೆಳಗಿನ ಮನೆಗಳಿಗೆ ಭಯ ಏಕಾಏಕಿ ಬಿಡುವ ನೀರಿನದು. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಅಲ್ಲಿನ ಹಳ್ಳಿಗಳು ಜಲಾವೃತವಾದದ್ದು ಹೀಗೆಯೇ.

ಧರೆಯ ಮನೆಯವರು ಕೆಲವು ಲಕ್ಷಣಗಳನ್ನು ತಪ್ಪದೆ ಗಮನಿಸಬೇಕು. ತೋಟದ ಮೇಲ್ಭಾಗದ ಬೆಟ್ಟದಲ್ಲಿ ಅರ್ಧಚಂದ್ರಾಕಾರದ ಬಿರುಕು, ಓರೆಯಾದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಇಲ್ಲವೇ ನಿಂತುಹೋದ ಒರತೆ, ಹೊಸದಾಗಿ ಹುಟ್ಟಿಕೊಂಡ ಜಲ, ಬಿಗಿಯಾಗಿ ಮುಚ್ಚದಾದ ಬಾಗಿಲು, ಇವು ಗುಡ್ಡ ಸರಿಯುತ್ತಿರುವುದರ ಸೂಚನೆಗಳು. ಇಂತಹ ಒಂದು ಲಕ್ಷಣ ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬಾರದು. ಬಿರುಕಿನಲ್ಲಿ ನೀರು ಇಳಿಯದಂತೆ ಜೇಡಿಮಣ್ಣಿನಿಂದ ಮುಚ್ಚುವುದು, ಧರೆಯ ಮೇಲೆ ಬಸಿಗಾಲುವೆ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸುವುದು ಬೇಸಿಗೆಯ ಕೆಲಸಗಳೇ ಹೊರತು ಮಳೆಯ ನಡುವೆ ಗುದ್ದಲಿ ಹಿಡಿದು ಹೋಗುವ ಕೆಲಸಗಳಲ್ಲ.

ಎಪ್ಪತ್ತೆರಡು ಗಂಟೆಗಳ ಲೆಕ್ಕ

ಹವಾಮಾನ ಇಲಾಖೆ ಚಂಡಮಾರುತದ ಎಚ್ಚರಿಕೆಯನ್ನು ಹಂತ ಹಂತವಾಗಿ ನೀಡುತ್ತದೆ. 72 ಗಂಟೆ ಮೊದಲು ಮುನ್ಸೂಚನೆ, ಕನಿಷ್ಠ 48 ಗಂಟೆ ಮೊದಲು ಜಾಗೃತಿ, 24 ಗಂಟೆ ಮೊದಲು ಎಚ್ಚರಿಕೆ, 12 ಗಂಟೆ ಮೊದಲು ನೆಲ ಸೇರಿದ ನಂತರದ ಪರಿಣಾಮದ ವಿವರ. ಮಳೆಗೂ ಅಳತೆಗೋಲಿದೆ. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4ಕ್ಕೂ ಮೀರಿದರೆ ಅತ್ಯಂತ ಭಾರಿ ಮಳೆ. ಕಡಲಲೆ ಮತ್ತು ಉಬ್ಬರದ ಸೂಚನೆಗಳನ್ನು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಸಿದ್ಧಪಡಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಈ ಗಂಟೆಗಳನ್ನು ಮನೆಯ ಕೆಲಸಗಳಿಗೆ ಹಂಚಿಕೊಂಡರೆ ಗಾಬರಿಗೆ ಆಸ್ಪದವಿರದು.

ಮೊದಲ ಹಂತದಲ್ಲಿ ಮನೆಯಿಂದ ಹೊರಗಿನ ಕೆಲಸ. ನಿತ್ಯ ಔಷಧಿ ಸೇವಿಸುವವರಿಗೆ ಕನಿಷ್ಠ 15 ದಿನಗಳ ಮಾತ್ರೆ, ಸ್ವಲ್ಪ ನಗದು ಹಣ, ಅಡುಗೆ ಅನಿಲ, ಬ್ಯಾಟರಿ, ಮೇಣದಬತ್ತಿ. ವಿದ್ಯುತ್ತೂ ಮೊಬೈಲ್ ಗೋಪುರವೂ ನಿಂತಾಗ ಅಂಗಡಿಯಲ್ಲಿ ನೋಟು ಮಾತ್ರ ನಡೆಯುತ್ತದೆ ಎಂಬುದನ್ನು ಮರೆಯಬಾರದು. ಹೆರಿಗೆಯ ದಿನ ಸಮೀಪಿಸಿದ ಗರ್ಭಿಣಿಯರು, ಡಯಾಲಿಸಿಸ್ ಅಗತ್ಯವುಳ್ಳವರು ತಾಲ್ಲೂಕು ಕೇಂದ್ರದ ಸಮೀಪಕ್ಕೆ ಹೋಗಬೇಕಾದದ್ದೂ ಇದೇ ಹಂತದಲ್ಲಿ.

ಎರಡನೆಯ ಹಂತ ಮನೆಯ ಮೈಯದು. ಸಡಿಲವಾದ ಹೆಂಚು, ತಗಡುಗಳನ್ನು ಬಿಗಿಗೊಳಿಸಬೇಕು. ಅಂಗಳದ ಚಪ್ಪರದ ಶೀಟುಗಳನ್ನು ಬಿಚ್ಚಿ ಒಳಗಿಡಬೇಕು. ಬಿರುಗಾಳಿಯಲ್ಲಿ ಹಾರುವ ಒಂದು ತಗಡು ಕತ್ತಿಗಿಂತ ಹರಿತ. ಮನೆಯ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಬೇಕು. ಅಕ್ಕಿ, ಬೇಳೆ, ಅಡಿಕೆ, ಕಾಳುಮೆಣಸಿನ ಚೀಲಗಳನ್ನು ಅಟ್ಟಕ್ಕೇರಿಸಬೇಕು. ಇನ್ವರ್ಟರ್ ಬ್ಯಾಟರಿ, ಪಂಪಿನ ಮೋಟಾರುಗಳನ್ನು ನೀರು ಮುಟ್ಟದ ಎತ್ತರಕ್ಕೆ ಒಯ್ಯಬೇಕು. ಕೀಟನಾಶಕ, ಮೈಲುತುತ್ತದ ಚೀಲಗಳು ನೆಲದ ಮೇಲಿದ್ದರೆ ಪ್ರವಾಹದ ನೀರೇ ವಿಷವಾದೀತು.

ಮೂರನೆಯ ಹಂತದಲ್ಲಿ ನೀರು ತುಂಬಿಸುವುದು, ದಾಖಲೆ ಕಟ್ಟುವುದು, ಹೊರಡುವುದು. ಕುಡಿಯಲಿಕ್ಕೆಂದೇ ಒಬ್ಬರಿಗೆ ದಿನಕ್ಕೆ 3 ಲೀಟರ್‌ನಂತೆ ಕನಿಷ್ಠ ಐದು ದಿನಗಳ ನೀರು ಮುಚ್ಚಿದ ಪಾತ್ರೆಗಳಲ್ಲಿರಬೇಕು. ಬಚ್ಚಲ ಹಂಡೆಯೂ ತುಂಬಿರಲಿ. ಹೊರಡಬೇಕಾದ ಮನೆಯವರು ಹಗಲಿನಲ್ಲಿಯೇ ಹೊರಡಬೇಕು. ಮುಖ್ಯ ಸ್ವಿಚ್ಚು, ಅನಿಲದ ಕವಾಟ ಬಂದ್ ಮಾಡಿ, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದನ್ನು ಪಕ್ಕದ ಮನೆಗೂ ಪಂಚಾಯಿತಿಗೂ ತಿಳಿಸಿ ಹೋಗಬೇಕು.

ಹೊರಟ ಮೇಲೆ ನೀರು ಹರಿಯುತ್ತಿರುವ ಮೋರಿ, ಸಂಕ, ಮುಳುಗಿದ ಸೇತುವೆ ದಾಟುವ ಸಾಹಸ ಬೇಡ. ರಭಸದ ನೀರು 15 ಸೆಂಟಿಮೀಟರ್ ಆಳವಿದ್ದರೂ ಆಳನ್ನು ಉರುಳಿಸಬಲ್ಲದು. 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. 60 ಸೆಂಟಿಮೀಟರ್ ಇದ್ದರೆ ಬಹುತೇಕ ವಾಹನಗಳು ಕೊಚ್ಚಿಹೋಗುತ್ತವೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊಟ್ಟಿಗೆಯ ಪ್ರಶ್ನೆ

ಮನೆ ಬಿಡಲು ಒಲ್ಲೆನೆನ್ನುವ ಬಹುತೇಕರ ಕಾರಣ ಕೊಟ್ಟಿಗೆ. ಹಾಲು ಕರೆಯುವ ಎಮ್ಮೆಯನ್ನು, ಕಟ್ಟಿದ ಕರುವನ್ನು ಬಿಟ್ಟು ಹೋಗುವುದು ಹೇಗೆ ಎಂಬ ಸಂಕಟವನ್ನು ಯಾವ ಸುತ್ತೋಲೆಯೂ ಹೋಗಲಾಡಿಸದು. ಆದ್ದರಿಂದ ಜಾನುವಾರುಗಳ ವ್ಯವಸ್ಥೆ ಮೊದಲು ಆಗಬೇಕು, ಜನರದು ಅನಂತರ. ಎತ್ತರದ ಸಮತಟ್ಟು ಜಾಗವನ್ನು ಊರವರು ಬೇಸಿಗೆಯಲ್ಲೇ ಗುರುತಿಸಿ ಅಲ್ಲಿಗೆ ಒಂದಿಷ್ಟು ಹುಲ್ಲು ಸಾಗಿಸಿಡುವುದು ದುಬಾರಿಯ ಕೆಲಸವಲ್ಲ. ಅದೂ ಸಾಧ್ಯವಾಗದಿದ್ದಲ್ಲಿ ದಾಬಿನ ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಹೋಗುವುದು ಕನಿಷ್ಠ ಧರ್ಮ. ಬಿಟ್ಟ ದನ ದಡ ಸೇರೀತು, ಕಟ್ಟಿದ ದನಕ್ಕೆ ಆ ಅವಕಾಶವೂ ಇಲ್ಲ.

ಹಿಂದಿನ ಸಿದ್ಧತೆ, ಇಂದಿನ ಕೊರತೆ

ಮಲೆನಾಡಿನ ಮನೆಗೆ ದಾಸ್ತಾನು ಹೊಸದಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳ ಸುಮಾರು ಎರಡು ತಿಂಗಳು ಪೇಟೆಯ ಮುಖ ನೋಡದೆ ಕಳೆಯುವ ವ್ಯವಸ್ಥೆ ಇಲ್ಲಿ ಪರಂಪರಾಗತ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಅಟ್ಟದ ಮೇಲಿನ ಅಕ್ಕಿ, ಒಣಗಿಸಿ ಒಟ್ಟಿದ ಕಟ್ಟಿಗೆ, ಅಬ್ಬಿಯ ನೀರು ಇವೆಲ್ಲ ಆ ವ್ಯವಸ್ಥೆಯ ಅಂಗಗಳು. ವಿದ್ಯುತ್ ಇಲ್ಲದಿದ್ದರೂ ಅಬ್ಬಿಯ ನೀರು ಬಚ್ಚಲಿಗೆ ಬರುತ್ತಿತ್ತು. ಇಂದು ನೀರು ಪಂಪನ್ನು, ಬೆಂಕಿ ಸಿಲಿಂಡರನ್ನು, ಸುದ್ದಿ ಮೊಬೈಲನ್ನು ಅವಲಂಬಿಸಿವೆ. ಒಂದು ತಂತಿ ತುಂಡಾದರೆ ಮೂರೂ ಒಟ್ಟಿಗೆ ನಿಲ್ಲುವ ಸ್ಥಿತಿ. ಶೆಲ್ಲು ಹಾಕಿದ ಒಂದು ರೇಡಿಯೊ ಮನೆಯಲ್ಲಿದ್ದರೆ ಕಾರವಾರ ಅಥವಾ ಧಾರವಾಡ ಆಕಾಶವಾಣಿಯ ವಾರ್ತೆಯಾದರೂ ಕೇಳೀತು.

ಇದಕ್ಕಿಂತ ಗಂಭೀರವಾದದ್ದು ಮನುಷ್ಯಬಲದ ಕೊರತೆ. ಹತ್ತು–ಹನ್ನೆರಡು ಜನರಿದ್ದ ದೊಡ್ಡ ಮನೆಗಳಲ್ಲಿ ಈಗ ಅನೇಕ ಕಡೆ ಉಳಿದಿರುವುದು ವೃದ್ಧ ದಂಪತಿ ಮಾತ್ರ. ಮಕ್ಕಳು ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಅಥವಾ ಹೊರದೇಶದಲ್ಲಿ. ಅಕ್ಕಿ ಚೀಲವನ್ನು ಅಟ್ಟಕ್ಕೆ ಏರಿಸುವವರಾರು? ಕತ್ತಲಲ್ಲಿ ಟಾರ್ಚು ಹಿಡಿದು ಧರೆ ನೋಡಿ ಬರುವವರಾರು? ದೂರದ ಮಕ್ಕಳು ತಂದೆ–ತಾಯಿಯ ಮನೆಗೆ ಸೋಲಾರ್ ದೀಪ ಕಳುಹಿಸುವುದು ಸರಿಯೇ. ಅದಕ್ಕಿಂತ ಮುಖ್ಯವಾದದ್ದು, ಭಾರಿ ಮಳೆಯ ರಾತ್ರಿ ಆ ಮನೆಯ ಬಾಗಿಲು ತಟ್ಟುವ ಹೊಣೆಯನ್ನು ಕೇರಿಯ ಯಾವ ಮನೆ ಹೊರುತ್ತದೆ ಎಂಬುದನ್ನು ಮೊದಲೇ ಮಾತಾಡಿ ನಿಶ್ಚಯಿಸಿಕೊಳ್ಳುವುದು.

ನೀರು ಇಳಿದ ಮೇಲೆ

ನೀರು ಇಳಿದೊಡನೆ ಅಪಾಯ ಮುಗಿಯುವುದಿಲ್ಲ. ಬಿದ್ದ ವಿದ್ಯುತ್ ತಂತಿಯನ್ನು ಕಡ್ಡಿಯಿಂದಲೂ ಮುಟ್ಟಬಾರದು. ಹೆಸ್ಕಾಂನ 1912 ಸಂಖ್ಯೆಗೆ ತಿಳಿಸಬೇಕು. ಜಿಲ್ಲಾಡಳಿತದ ವಿಪತ್ತು ಸಹಾಯವಾಣಿ 1077, ಸಾಮಾನ್ಯ ತುರ್ತು ಸಂಖ್ಯೆ 112. ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ನಡೆಸಿದರೆ ಅದರ ಹೊಗೆಯೇ ಪ್ರಾಣ ತೆಗೆದೀತು. ಮುಳುಗಿದ ಬಾವಿಯ ನೀರನ್ನು ಹೊರಹಾಕಿ, ಹೊಸ ನೀರು ತಿಳಿಯಾದ ಮೇಲೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿ ಬೆರೆಸಿ, ಕನಿಷ್ಠ ಒಂದು ಗಂಟೆ ಬಿಟ್ಟು, ಕುದಿಸಿಯೇ ಕುಡಿಯಬೇಕು. ಕೆಸರಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ಜ್ವರ ಬಂದರೆ ಇಲಿಜ್ವರದ ಶಂಕೆಯಿಂದ ಕೂಡಲೇ ವೈದ್ಯರನ್ನು ಕಾಣಬೇಕು. ಕಟ್ಟಿಗೆ ರಾಶಿ, ಅಟ್ಟ, ಹಾಸಿಗೆಗಳಲ್ಲಿ ಹಾವು ಆಶ್ರಯ ಪಡೆದಿರುವ ಸಂಭವವೂ ಉಂಟು.

ದಾಖಲೆ ಇಲ್ಲದವರ ಪಾಡು

ಪರಿಹಾರದ ಹಣ ಕಾಗದವನ್ನು ಕೇಳುತ್ತದೆ. 2019ರ ಪ್ರವಾಹದ ನಂತರ ರಾಜ್ಯ ಸರ್ಕಾರ ಸಂಪೂರ್ಣ ಹಾನಿಗೊಂಡ ಮನೆಗೆ 5 ಲಕ್ಷ ರೂಪಾಯಿ, ತುರ್ತು ಪರಿಹಾರವಾಗಿ ಕುಟುಂಬಕ್ಕೆ 10 ಸಾವಿರ ರೂಪಾಯಿ ಘೋಷಿಸಿತ್ತು. ಇಂತಹ ಪರಿಹಾರ ಪಡೆಯಲು ಪಹಣಿ, ಮನೆಯ ತೆರಿಗೆ ರಸೀದಿ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ ಬೇಕು. ಇವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದರ ಜೊತೆಗೆ ಛಾಯಾಚಿತ್ರ ತೆಗೆದು ದೂರದ ಮಕ್ಕಳ ಮೊಬೈಲಿಗೂ ಕಳುಹಿಸಿಡುವುದು ಒಳಿತು. ಮಳೆಗೆ ಮುನ್ನ ಮನೆ, ಕೊಟ್ಟಿಗೆ, ತೋಟದ ಚಿತ್ರಗಳನ್ನೂ ತೆಗೆದಿಟ್ಟರೆ ಹಾನಿಯ ಪ್ರಮಾಣ ತೋರಿಸಲು ನೆರವಾಗುತ್ತದೆ.

ಆದರೆ ಉತ್ತರ ಕನ್ನಡದಲ್ಲಿ ಅರಣ್ಯ ಭೂಮಿಯಲ್ಲಿ ತಲೆಮಾರುಗಳಿಂದ ಮನೆ ಮಾಡಿಕೊಂಡು ಪಟ್ಟಾ ಇಲ್ಲದೆ ಬದುಕುತ್ತಿರುವ ಕುಟುಂಬಗಳು ಅಸಂಖ್ಯ. ಇಂತಹ ಮನೆಗಳು ಇಳಿಜಾರಿನಲ್ಲಿ, ಹಳ್ಳದ ಅಂಚಿನಲ್ಲಿ ಇರುವುದೇ ಹೆಚ್ಚು. ಮನೆ ಬಿಟ್ಟು ಹೋದರೆ ಮರಳಿ ಜಾಗ ಸಿಗುವುದೋ ಇಲ್ಲವೋ ಎಂಬ ಭಯ ಅವರನ್ನು ಗುಡ್ಡದ ಕೆಳಗೇ ಕಟ್ಟಿಹಾಕುತ್ತದೆ. ಅಪಾಯದ ಅರಿವಿಲ್ಲದೆ ಅವರು ಅಲ್ಲಿ ಉಳಿಯುತ್ತಾರೆ ಎಂದು ತಿಳಿಯುವುದು ತಪ್ಪು. ತಾತ್ಕಾಲಿಕವಾಗಿ ಸ್ಥಳಾಂತರಗೊಂಡವರ ಹಕ್ಕಿನ ಅರ್ಜಿಗೆ ಧಕ್ಕೆಯಾಗದು ಎಂಬ ಲಿಖಿತ ಭರವಸೆ ನೀಡುವುದು ಆಡಳಿತಕ್ಕೆ ಖರ್ಚಿನ ಬಾಬತ್ತಲ್ಲ.

ಆಡಳಿತ ಮಾಡಬೇಕಾದದ್ದು

ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕವೂ ಸೇರಿತು. ಬಹೂಪಯೋಗಿ ಆಶ್ರಯ ತಾಣಗಳ ಕಲ್ಪನೆ ಕಡಲ ದಂಡೆಗೆ ಬಂದದ್ದು ಆ ಮೂಲಕ. ಘಟ್ಟದ ಮೇಲೆ ಅಂತಹ ಕಟ್ಟಡಗಳು ಬೇಕೆಂದಿಲ್ಲ. ಇರುವ ಶಾಲೆ, ಸಮುದಾಯ ಭವನ, ದೇವಸ್ಥಾನದ ಸಭಾಮಂಟಪಗಳೇ ಸಾಕು. ಆದರೆ ಅವುಗಳ ಹಿಂದೆ ಧರೆಯಿಲ್ಲ, ಮುಂದೆ ಹಳ್ಳವಿಲ್ಲ ಎಂಬುದನ್ನು ಪರಿಣತರು ಪರಿಶೀಲಿಸಿ, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಊರವರಿಗೆ ಮೊದಲೇ ತಿಳಿಸಿರಬೇಕು. ಮಧ್ಯರಾತ್ರಿ ಬೀಗದ ಕೈ ಹುಡುಕುವ ಆಶ್ರಯ ತಾಣ ಆಶ್ರಯ ತಾಣವಲ್ಲ.

ಎರಡನೆಯದಾಗಿ ಎಚ್ಚರಿಕೆಯ ಭಾಷೆ. ಇಡೀ ಜಿಲ್ಲೆಗೆ ಒಂದೇ ಬಣ್ಣದ ಎಚ್ಚರಿಕೆ ಬಂದಾಗ ಜನರಿಗೆ ತಲುಪುವುದು ಶಾಲೆಗೆ ರಜೆಯ ಸುದ್ದಿ ಮಾತ್ರ. ಕಡಲ ದಂಡೆಗೆ ಉಬ್ಬರದ ಎಚ್ಚರಿಕೆ, ನದಿತೀರಕ್ಕೆ ನೆರೆಯ ಎಚ್ಚರಿಕೆ, ಇಳಿಜಾರಿಗೆ ಕುಸಿತದ ಎಚ್ಚರಿಕೆ ಎಂದು ಬೇರ್ಪಡಿಸಿ, ಪಂಚಾಯಿತಿಯ ಮಳೆಮಾಪಕದ ಅಂಕಿಯೊಡನೆ ಧ್ವನಿವರ್ಧಕದಲ್ಲಿ ಸಾರಿದರೆ ಅದರ ಪರಿಣಾಮ ಬೇರೆಯೇ ಆಗುತ್ತದೆ. ಎರಡು–ಮೂರು ದಿನ ಸತತವಾಗಿ ಸುರಿದು ಮಣ್ಣು ನೆನೆದ ಮೇಲೆ ಬರುವ ಅತಿ ಭಾರಿ ಮಳೆಯೇ ಗುಡ್ಡಕ್ಕೆ ಕುತ್ತು. ಈ ಲೆಕ್ಕವನ್ನು ಊರಿನಲ್ಲಿಯೇ ಇಡಲು ಸಾಧ್ಯ.

ಕಡಲ ದಂಡೆಯ ಮನೆಗೆ ಉಬ್ಬರ ಎಲ್ಲಿಂದ ಬರುತ್ತದೆ ಎಂಬುದಾದರೂ ಗೊತ್ತು, ಅದು ಪಶ್ಚಿಮದಿಂದ. ಘಟ್ಟದ ಮನೆಗೆ ಅಪಾಯ ಛಾವಣಿಯಿಂದ ಬಂದೀತು, ಹಳ್ಳದಿಂದ ಬಂದೀತು, ಹಿತ್ತಿಲ ಧರೆಯಿಂದಲೂ ಬಂದೀತು. ಆದ್ದರಿಂದ ಮುಂದಿನ ಬಾರಿ ವಾಯುಭಾರ ಕುಸಿತದ ಸುದ್ದಿ ಕೇಳಿದಾಗ ಅದು ಕರಾವಳಿಯವರ ಪಾಡು ಎಂದು ರೇಡಿಯೊ ಆರಿಸುವ ಮೊದಲು ಒಮ್ಮೆ ಹಿತ್ತಿಲಿಗೆ ಹೋಗಿ ಧರೆಯನ್ನೂ, ಒಮ್ಮೆ ಅಂಗಳಕ್ಕೆ ಬಂದು ಹಳ್ಳವನ್ನೂ ನೋಡುವುದು ಮೇಲು. ಕಳಚೆ, ಉಳುವರೆಗಳ ಮನೆಗಳಿಗೆ ಆ ಸಮಯ ಸಿಗಲಿಲ್ಲ. ಉಳಿದ ಮನೆಗಳಿಗೆ ಅದು ಇನ್ನೂ ಇದೆ.